ರಕ್ತ ತೆಳುವಾಗೋದಿಲ್ಲ

"ಅಪ್ಪಂಗೆ ರಕ್ತ ತೆಳ್ಳಗೆ ಮಾಡೋ ಮಾತ್ರೆ ಕೊಟ್ಟಿದಾರೆ, ಸಿಸ್ಟರ್." ಹನ್ನೆರಡು ವರ್ಷದ ನರ್ಸಿಂಗ್ ಕೆಲಸದಲ್ಲಿ ಈ ಮಾತನ್ನ ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಲ್ಲ. ಹೇಳೋರಲ್ಲಿ ಹೆಚ್ಚಿನವರು ನಿಮ್ಮ ವಯಸ್ಸಿನವರೇ. ಅಪ್ಪ ಅಮ್ಮ ಹಾಸನದಲ್ಲೋ ಶಿರಸಿಯಲ್ಲೋ ಇರ್ತಾರೆ, ಮಕ್ಕಳು ಬೆಂಗಳೂರಲ್ಲಿ. ಮಾತ್ರೆ ಆ್ಯಪ್‌ನಲ್ಲಿ ಆರ್ಡರ್ ಆಗುತ್ತೆ, ರಕ್ತಪರೀಕ್ಷೆಯ ರಿಪೋರ್ಟು ಪಿಡಿಎಫ್ ಆಗಿ ವಾಟ್ಸಾಪಿಗೆ ಬರುತ್ತೆ. ಎಲ್ಲ ಸರಿಯಾಗೇ ನಡೀತಿದೆ ಅನ್ನಿಸುತ್ತೆ.

ಆದರೆ ಆ ಮಾತೇ ತಪ್ಪು. ಸಾರಿಗೆ ನೀರು ಬೆರೆಸಿದ ಹಾಗೆ ರಕ್ತ ತೆಳುವಾಗೋದಿಲ್ಲ. ಮಾತ್ರೆ ತಗೊಂಡ ಮೇಲೂ ಅದು ಅಷ್ಟೇ ಗಟ್ಟಿ, ಅಷ್ಟೇ ಕೆಂಪು. ಬದಲಾಗೋದು ಹೆಪ್ಪುಗಟ್ಟೋ ಗುಣ. ನಮ್ಮ ಭಾಷೆಯಲ್ಲಿ ಇದಕ್ಕೆ ಎಷ್ಟು ಒಳ್ಳೆ ಪದ ಇದೆ ನೋಡಿ: ಹೆಪ್ಪು. ಹಾಲಿಗೆ ಒಂದು ಚಮಚ ಹೆಪ್ಪು ಹಾಕಿದರೆ ಬೆಳಗ್ಗೆಗೆ ಮೊಸರು. ರಕ್ತದಲ್ಲೂ ಗಾಯವಾದ ಕೂಡಲೇ ಒಂದರ ಹಿಂದೆ ಒಂದರಂತೆ ಹತ್ತಾರು ಪ್ರೋಟೀನುಗಳು ಎಚ್ಚರವಾಗಿ, ಕೊನೆಗೆ ಫೈಬ್ರಿನ್ ಅನ್ನೋ ನೂಲಿನ ಬಲೆ ನೇಯುತ್ತವೆ. ಆ ಬಲೆ ಚರ್ಮದ ಗಾಯದ ಮೇಲೆ ಬಿದ್ದರೆ ಜೀವ ಉಳಿಯುತ್ತೆ. ಹೃದಯದ ರಕ್ತನಾಳದ ಒಳಗೋ ಮಿದುಳಿನಲ್ಲೋ ಬಿದ್ದರೆ ಜೀವ ಹೋಗುತ್ತೆ. ಬಲೆ ಒಂದೇ, ಬೀಳೋ ಜಾಗ ಬೇರೆ. ಔಷಧಿಗೆ ಮಾತ್ರ ಈ ಎರಡು ಜಾಗಗಳ ವ್ಯತ್ಯಾಸ ಗೊತ್ತಾಗಲ್ಲ. ಅದು ಗೊತ್ತಿರಬೇಕಾದದ್ದು ಪಕ್ಕದಲ್ಲಿ ನಿಂತವರಿಗೆ.

ಈ ಔಷಧಿಗಳ ಕತೆಯನ್ನ ಸಾಮಾನ್ಯವಾಗಿ ವಿಜ್ಞಾನಿಗಳ ಕತೆಯಾಗಿ ಹೇಳ್ತಾರೆ. ನಾನೂ ಅಲ್ಲಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ಆ ಕತೆ ಚೆನ್ನಾಗಿದೆ. ಆದರೆ ಅಲ್ಲಿಗೇ ನಿಲ್ಲಿಸಲ್ಲ.

1916. ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜೇ ಮೆಕ್ಲೀನ್ ಅನ್ನೋ ಎರಡನೇ ವರ್ಷದ ವೈದ್ಯಕೀಯ ವಿದ್ಯಾರ್ಥಿ. ಅವನ ಗುರು ವಿಲಿಯಂ ಹೋವೆಲ್ ಕೊಟ್ಟ ಕೆಲಸ ಸರಳ: ರಕ್ತವನ್ನು ಬೇಗ ಹೆಪ್ಪುಗಟ್ಟಿಸೋ ಅಂಶವನ್ನ ಪ್ರಾಣಿಗಳ ಅಂಗಾಂಶದಿಂದ ತೆಗೆದು ನೋಡು. ಮೆಕ್ಲೀನ್ ಮಿದುಳು, ಹೃದಯ, ಪಿತ್ತಜನಕಾಂಗದ ಸಾರ ತೆಗೆದ. ಪಿತ್ತಜನಕಾಂಗದ ಸಾರ ಉಲ್ಟಾ ಕೆಲಸ ಮಾಡ್ತಿತ್ತು. ಅದನ್ನ ಬೆಕ್ಕಿನ ರಕ್ತಕ್ಕೆ ಬೆರೆಸಿ ಹೋವೆಲ್ ಮುಂದೆ ಇಟ್ಟು, ಹೆಪ್ಪುಗಟ್ಟಿದಾಗ ಕರೀರಿ ಅಂತ ಹೇಳಿ ಹೋದೆ ಎಂದು ಮೆಕ್ಲೀನ್ ಎಷ್ಟೋ ವರ್ಷಗಳ ನಂತರ ನೆನಪಿಸಿಕೊಂಡ. ಆ ರಕ್ತ ಹೆಪ್ಪುಗಟ್ಟಲೇ ಇಲ್ಲ. ಮುಂದೆ ಹೋವೆಲ್ ಅದಕ್ಕೆ ಹೆಪರಿನ್ ಅಂತ ಹೆಸರಿಟ್ಟರು. ಗ್ರೀಕ್‌ನಲ್ಲಿ ಹೆಪಾರ್ ಅಂದ್ರೆ ಪಿತ್ತಜನಕಾಂಗ. ನಮ್ಮ ಹೆಪ್ಪಿಗೂ ಅದಕ್ಕೂ ಸಂಬಂಧ ಇಲ್ಲ, ಆದರೆ ನರ್ಸಿಂಗ್ ಕಾಲೇಜಿನಲ್ಲಿ ಹೆಸರು ನೆನಪಿಟ್ಟುಕೊಳ್ಳೋಕೆ ನನಗೆ ಈ ಹೋಲಿಕೆ ತುಂಬ ಸಹಾಯ ಮಾಡಿತ್ತು.

ಪ್ರಯೋಗಾಲಯದ ಆ ಸಾರ ಮನುಷ್ಯರಿಗೆ ಕೊಡುವಷ್ಟು ಶುದ್ಧವಾಗೋಕೆ ಸುಮಾರು ಇಪ್ಪತ್ತು ವರ್ಷ ಹಿಡೀತು. ಆ ಕೆಲಸ ನಡೆದದ್ದು ಕೆನಡಾದ ಟೊರಾಂಟೊದಲ್ಲಿ. ಇನ್ಸುಲಿನ್ ಕಂಡುಹಿಡಿದ ತಂಡದ ಚಾರ್ಲ್ಸ್ ಬೆಸ್ಟ್ ಇದರ ಮುಂದಾಳು. ದನದ ಪಿತ್ತಜನಕಾಂಗದಿಂದ ಶುರುವಾಗಿ ಶ್ವಾಸಕೋಶದ ತನಕ ಹೋದರು. 1935ರಲ್ಲಿ ಗಾರ್ಡನ್ ಮುರ್ರೆ ಅನ್ನೋ ಶಸ್ತ್ರಚಿಕಿತ್ಸಕರು ಅದನ್ನ ರೋಗಿಗಳಿಗೆ ಕೊಡೋಕೆ ಶುರು ಮಾಡಿದರು. ಇವತ್ತು ಜಗತ್ತಿನ ಹೆಪರಿನ್ ಹೆಚ್ಚಾಗಿ ಹಂದಿಯ ಕರುಳಿನ ಒಳಪದರದಿಂದ ಬರುತ್ತೆ. ಅದಕ್ಕೆ ಪ್ರತಿಮದ್ದು ಪ್ರೋಟಮಿನ್, ಅದನ್ನ ಮೊದಲು ತೆಗೆದದ್ದು ಸಾಲ್ಮನ್ ಮೀನಿನ ವೀರ್ಯದಿಂದ. ಐಸಿಯುನ ಹೊಳೆಯೋ ಪಂಪುಗಳ ಹಿಂದೆ ಇಂಥ ಕಸಾಯಿಖಾನೆ, ಮೀನುಮಾರುಕಟ್ಟೆ ಎಲ್ಲ ಇದೆ.

ಎರಡನೇ ಕತೆ ಹುಲ್ಲಿನದು. 1920ರ ದಶಕದಲ್ಲಿ ಕೆನಡಾ ಮತ್ತು ಉತ್ತರ ಅಮೆರಿಕದ ಬಯಲುಗಳಲ್ಲಿ ದನಗಳು ರಕ್ತ ಸುರಿದು ಸಾಯತೊಡಗಿದವು. ಕೊಂಬು ತೆಗೆದರೆ, ಬೀಜ ಒಡೆದರೆ ರಕ್ತ ನಿಲ್ಲುತ್ತಿರಲಿಲ್ಲ. ಬೂಸ್ಟು ಹಿಡಿದ ಸ್ವೀಟ್ ಕ್ಲೋವರ್ ಹುಲ್ಲು ತಿಂದದ್ದೇ ಕಾರಣ ಅಂತ ಫ್ರಾಂಕ್ ಸ್ಕೋಫೀಲ್ಡ್ ಅನ್ನೋ ಪಶುವೈದ್ಯರು ತೋರಿಸಿಕೊಟ್ಟರು. ಆದರೆ ಬೂಸ್ಟು ಹಿಡಿದ ಹುಲ್ಲನ್ನ ಎಸೆಯೋದು ಬಡ ರೈತನ ಕೈಲಿ ಆಗೋ ಮಾತಲ್ಲ. 1933ರ ಫೆಬ್ರವರಿಯಲ್ಲಿ, ಆರ್ಥಿಕ ಕುಸಿತದ ಕಾಲದಲ್ಲಿ, ವಿಸ್ಕಾನ್ಸಿನ್‌ನ ಒಬ್ಬ ರೈತ ಹಿಮಗಾಳಿಯ ನಡುವೆ ಸುಮಾರು 300 ಕಿಲೋಮೀಟರ್ ಟ್ರಕ್ ಓಡಿಸಿಕೊಂಡು ಮ್ಯಾಡಿಸನ್ ವಿಶ್ವವಿದ್ಯಾಲಯಕ್ಕೆ ಬಂದ. ಟ್ರಕ್ಕಿನಲ್ಲಿ ಒಂದು ಸತ್ತ ಕಡಸು, ಹಾಳಾದ ಹುಲ್ಲಿನ ಹೊರೆ, ಹಾಲಿನ ಕ್ಯಾನಿನಲ್ಲಿ ಹೆಪ್ಪುಗಟ್ಟದ ರಕ್ತ. ಅವನಿಗೆ ತೆರೆದಿದ್ದ ಬಾಗಿಲು ಕಾರ್ಲ್ ಪಾಲ್ ಲಿಂಕ್ ಅವರ ಜೀವರಸಾಯನ ಪ್ರಯೋಗಾಲಯದ್ದು.

ಆ ದಿನ ಅವನಿಗೆ ಕೊಡೋಕೆ ಲಿಂಕ್ ಹತ್ತಿರ ಪರಿಹಾರ ಇರಲಿಲ್ಲ. ಆ ಹುಲ್ಲು ಹಾಕಬೇಡ ಅನ್ನೋ ಸಲಹೆ ಬಿಟ್ಟರೆ ಹೇಳೋಕೆ ಹೆಚ್ಚೇನೂ ಇರಲಿಲ್ಲ. ಹುಲ್ಲಿನೊಳಗಿನ ವಿಷವನ್ನ ಹರಳಾಗಿ ತೆಗೆಯೋಕೆ 1939 ಆಯ್ತು. ಅದೇ ಡೈಕುಮರಾಲ್. ಆಮೇಲೆ ಲಿಂಕ್ ಅದರ ನಂಟಸ್ತಿಕೆಯ ರಾಸಾಯನಿಕಗಳನ್ನ ಸಾಲಾಗಿ ಪರೀಕ್ಷಿಸಿ, 42ನೇ ನಂಬರಿನದನ್ನ ಇಲಿಪಾಷಾಣ ಮಾಡಬಹುದು ಅಂದರು. ಸಂಶೋಧನೆಗೆ ಹಣ ಕೊಟ್ಟ ಸಂಸ್ಥೆ ವಿಸ್ಕಾನ್ಸಿನ್ ಅಲುಮ್ನಿ ರಿಸರ್ಚ್ ಫೌಂಡೇಶನ್. ಅದರ ಮೊದಲಕ್ಷರಗಳನ್ನ ಸೇರಿಸಿದ ಹೆಸರೇ ವಾರ್ಫರಿನ್. 1948ರಲ್ಲಿ ಅದು ಇಲಿಪಾಷಾಣವಾಗಿ ಅಂಗಡಿಗೆ ಬಂತು.

ಇಲಿಪಾಷಾಣ ಮನುಷ್ಯರ ಮಾತ್ರೆ ಆದದ್ದು ಹೇಗೆ? 1951ರಲ್ಲಿ ಅಮೆರಿಕದ ಸೇನೆಗೆ ಸೇರಿದ್ದ ಒಬ್ಬ ಯುವಕ ಸಾಯಬೇಕು ಅಂತ ಅದನ್ನ ದಿನಗಟ್ಟಲೆ ತಿಂದ. ಆಸ್ಪತ್ರೆಯಲ್ಲಿ ವಿಟಮಿನ್ ಕೆ ಮತ್ತು ರಕ್ತ ಕೊಟ್ಟರು, ಪೂರ್ತಿ ಚೇತರಿಸಿಕೊಂಡ. ಅಂದ್ರೆ ಈ ವಿಷಕ್ಕೆ ವಾಪಸ್ ಬರೋ ದಾರಿ ಇದೆ ಅಂತಾಯ್ತು. 1954ರಲ್ಲಿ ಮನುಷ್ಯರಿಗೆ ಕೊಡೋಕೆ ಒಪ್ಪಿಗೆ ಸಿಕ್ಕಿತು. ಮರುವರ್ಷ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತ ಆದಾಗ ಅವರಿಗೂ ಇದನ್ನೇ ಕೊಟ್ಟರು. ಆಮೇಲೆ ಇಲಿಪಾಷಾಣ ಅನ್ನೋ ಅಳುಕು ಕಡಿಮೆಯಾಯ್ತು.

ಸಾಮಾನ್ಯವಾಗಿ ಕತೆ ಇಲ್ಲಿಗೆ ಮುಗಿಯುತ್ತೆ. ಚಪ್ಪಾಳೆ. ಆದರೆ ಸ್ವಲ್ಪ ಯೋಚಿಸಿ. ಇಲಿಗೆ ವಿಷ, ನಿಮ್ಮ ಅಮ್ಮಂಗೆ ಔಷಧಿ. ಎರಡೂ ಒಂದೇ ಅಣು. ನಡುವೆ ಏನು ಬದಲಾಯ್ತು? ಪ್ರಮಾಣ ಅಂತೀರಿ. ಸರಿ, ಆದರೆ ಸರಿಯಾದ ಪ್ರಮಾಣ ಯಾವುದು ಅಂತ ಮಾತ್ರೆಯ ಮೇಲೆ ಬರೆದಿರಲ್ಲ. ಒಬ್ಬರಿಗೆ ದಿನಕ್ಕೆ 2 ಮಿಲಿಗ್ರಾಂ ಸಾಕು, ಇನ್ನೊಬ್ಬರಿಗೆ 8 ಬೇಕು. ಹೋದ ತಿಂಗಳು ಸರಿ ಇದ್ದದ್ದು ಒಂದು ವಾರದ ಜ್ವರ, ಒಂದು ಕೋರ್ಸ್ ಆ್ಯಂಟಿಬಯಾಟಿಕ್ ಆದ ಮೇಲೆ ಸರಿ ಇರಲ್ಲ. ಹಾಗಾಗಿ ವಿಷವನ್ನ ಔಷಧಿ ಮಾಡಿದ್ದು ಪ್ರಮಾಣ ಒಂದೇ ಅಲ್ಲ, ಬಿಡದೆ ನೋಡ್ತಾ ಇರೋ ಕೆಲಸ. ಆ ಕೆಲಸಕ್ಕೂ ಒಂದು ಇತಿಹಾಸ ಇದೆ.

1913ರಲ್ಲಿ ಲೀ ಮತ್ತು ವೈಟ್ ಅನ್ನೋ ಇಬ್ಬರು ಒಂದು ಪರೀಕ್ಷೆ ರೂಪಿಸಿದರು. ಗಾಜಿನ ನಳಿಕೆಯಲ್ಲಿ ರಕ್ತ ತಗೋಬೇಕು, ಆಗಾಗ ಓರೆ ಮಾಡಿ ನೋಡಬೇಕು, ಹರಿಯೋದು ನಿಂತಾಗ ಗಡಿಯಾರ ನೋಡಬೇಕು. ಅಷ್ಟೇ. ಹೆಪರಿನ್‌ನ ಮೊದಲ ದಶಕಗಳು ಹೆಚ್ಚುಕಮ್ಮಿ ಈ ನಳಿಕೆಯ ಮೇಲೆ ನಿಂತಿದ್ದವು. 1935ರಲ್ಲಿ ಆರ್ಮಂಡ್ ಕ್ವಿಕ್ ಪ್ರೋಥ್ರಾಂಬಿನ್ ಟೈಮ್ ಪರೀಕ್ಷೆ ತಂದರು. ನಿಮ್ಮ ಪಿಡಿಎಫ್‌ನಲ್ಲಿ ಪಿಟಿ ಅಂತ ಇರುತ್ತಲ್ಲ, ಅದೇ. ತೊಂದರೆ ಏನಂದ್ರೆ ಒಂದು ಲ್ಯಾಬಿನ ಸೆಕೆಂಡು ಇನ್ನೊಂದು ಲ್ಯಾಬಿನ ಸೆಕೆಂಡಿಗೆ ಹೊಂದ್ತಿರಲಿಲ್ಲ, ಯಾಕಂದ್ರೆ ಬಳಸೋ ರಾಸಾಯನಿಕ ಬೇರೆ ಬೇರೆ. ಊರು ಬದಲಾದರೆ ಅದೇ ರಕ್ತಕ್ಕೆ ಬೇರೆ ಸಂಖ್ಯೆ. 1983ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಲ್ಲರಿಗೂ ಒಂದೇ ಅಳತೆಗೋಲು ಇರಲಿ ಅಂತ ಐಎನ್‌ಆರ್ ಒಪ್ಪಿಕೊಂಡಿತು. ಮಾತ್ರೆ ತಗೊಳ್ಳದವರಿಗೆ ಅದು ಸುಮಾರು 1. ತಗೊಳ್ಳೋರಲ್ಲಿ ಬಹಳ ಮಂದಿಗೆ 2ರಿಂದ 3ರ ನಡುವೆ ಇರಬೇಕು, ಕೆಲವು ಕೃತಕ ಕವಾಟದವರಿಗೆ ಸ್ವಲ್ಪ ಹೆಚ್ಚು. 2ಕ್ಕಿಂತ ಕೆಳಗೆ ಹೋದರೆ ಹೆಪ್ಪಿನ ಭಯ, ಮೇಲೆ ಏರುತ್ತಾ ಹೋದರೆ ರಕ್ತಸ್ರಾವದ ಭಯ. ತಂತಿ ಮೇಲಿನ ನಡಿಗೆ.

ಹೀಗೆ ನೋಡ್ತಾ ಇರೋ ಕೆಲಸ ಹಾಸಿಗೆಯ ಪಕ್ಕದಲ್ಲಿ ಬಹುಪಾಲು ನರ್ಸುಗಳದ್ದು. ಐವತ್ತರ ದಶಕದ ತನಕ ಹೃದಯಾಘಾತ ಆದವರನ್ನ ವಾರಗಟ್ಟಲೆ ಅಲುಗಾಡದೆ ಮಲಗಿಸ್ತಿದ್ದರು. ಊಟ ಕೂಡ ಯಾರಾದರೂ ತಿನ್ನಿಸಬೇಕು. ಹಾಗೆ ಮಲಗಿದ್ದಕ್ಕೇ ಕಾಲಲ್ಲಿ ಹೆಪ್ಪುಗಟ್ಟಿ, ಅದು ಶ್ವಾಸಕೋಶಕ್ಕೆ ಹಾರಿ ಸತ್ತವರು ಕಡಿಮೆ ಅಲ್ಲ. ಬಾಸ್ಟನ್‌ನಲ್ಲಿ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ರೋಗಿಯನ್ನ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿ ಅಂದರು. ಆಗ ಅದೊಂದು ದುಸ್ಸಾಹಸ. ಈಗ ಆಪರೇಷನ್ ಆದ ಮರುದಿನವೇ ನಾವು ಬಂದು "ಏಳಿ, ನಾಲ್ಕು ಹೆಜ್ಜೆ ನಡೀರಿ" ಅಂತ ಪೀಡಿಸ್ತೀವಲ್ಲ, ಅದರ ಬೇರು ಅಲ್ಲಿದೆ. ಕಾಲು ಆಡಿಸೋದು ಹೆಪ್ಪು ತಡೆಯೋ ಉಪಾಯಗಳಲ್ಲಿ ಅತಿ ಅಗ್ಗದ್ದು.

ಅರವತ್ತರ ದಶಕದಲ್ಲಿ ಫಿಲಡೆಲ್ಫಿಯಾದ ಪ್ರೆಸ್ಬಿಟೇರಿಯನ್ ಆಸ್ಪತ್ರೆಯಲ್ಲಿ ಲಾರೆನ್ಸ್ ಮೆಲ್ಟ್ಜರ್ ಅನ್ನೋ ವೈದ್ಯರು ಮತ್ತು ರೋಸ್ ಪಿನ್ನಿಯೋ ಅನ್ನೋ ನರ್ಸ್ ಸೇರಿ ಇನ್ನೊಂದು ಹೆಜ್ಜೆ ಇಟ್ಟರು. ಇಸಿಜಿ ಓದೋದು ಡಾಕ್ಟರ ಕೆಲಸ ಅನ್ನೋ ಕಾಲ ಅದು. ಆದರೆ ರಾತ್ರಿ ಎರಡು ಗಂಟೆಗೆ ಹಾಸಿಗೆ ಪಕ್ಕ ಇರೋರು ನರ್ಸ್. ಅವರಿಗೇ ಓದೋಕೆ ಕಲಿಸಿ, ನಿರ್ಧಾರ ತಗೊಳ್ಳೋ ಅಧಿಕಾರ ಕೊಟ್ಟರೆ? ಹಾಗೆ ಹುಟ್ಟಿದ್ದು ಇವತ್ತಿನ ಸಿಸಿಯು ನರ್ಸ್. ಈ ತಂಡ ನರ್ಸುಗಳಿಗೆಂದೇ ಒಂದು ಕೈಪಿಡಿ ಬರೆಯಿತು. ಹೆಪರಿನ್ ಕಂಡುಹಿಡಿದವರು ಯಾರು ಅಂತ ಕ್ವಿಜ್‌ನಲ್ಲಿ ಕೇಳ್ತಾರೆ, ರೋಸ್ ಪಿನ್ನಿಯೋ ಬಗ್ಗೆ ಯಾರೂ ಕೇಳಿದ್ದು ನಾನು ನೋಡಿಲ್ಲ.

ಇಲ್ಲಿ ತನಕ ಹೇಳಿದ್ದು ಹೆಪ್ಪು ಆಗದಂತೆ ತಡೆಯೋ ಔಷಧಿಗಳು. ಆಗಿರೋ ಹೆಪ್ಪನ್ನ ಕರಗಿಸೋದು ಬೇರೆ. ಅದರ ಕತೆ 1933ರಲ್ಲಿ ವಿಲಿಯಂ ಟಿಲ್ಲೆಟ್ ಅವರಿಂದ ಶುರು. ಗಂಟಲುನೋವು ತರೋ ಸ್ಟ್ರೆಪ್ಟೊಕಾಕಸ್ ಜಾತಿಯ ಬ್ಯಾಕ್ಟೀರಿಯಾ ಫೈಬ್ರಿನ್ ಬಲೆಯನ್ನ ಕರಗಿಸುತ್ತೆ ಅಂತ ಅವರು ಗಮನಿಸಿದರು. ಅದೇ ಸ್ಟ್ರೆಪ್ಟೊಕೈನೇಸ್. 1986ರಲ್ಲಿ ಇಟಲಿಯಲ್ಲಿ 11 ಸಾವಿರಕ್ಕೂ ಹೆಚ್ಚು ಹೃದಯಾಘಾತದ ರೋಗಿಗಳ ಮೇಲೆ ನಡೆದ ಜಿಐಎಸ್‌ಎಸ್‌ಐ ಅಧ್ಯಯನದಲ್ಲಿ ಅದನ್ನ ಪಡೆದವರಲ್ಲಿ 21 ದಿನದೊಳಗಿನ ಸಾವು 13ರಿಂದ 10.7 ಶೇಕಡಕ್ಕೆ ಇಳಿದಿತ್ತು. ಎಷ್ಟು ಬೇಗ ಕೊಟ್ಟರೆ ಅಷ್ಟು ಲಾಭ. ಎರಡು ವರ್ಷದ ನಂತರ ಐಸಿಸ್-2 ಅಧ್ಯಯನ ಜೊತೆಗೆ ಆಸ್ಪಿರಿನ್ ಸೇರಿಸಿದರೆ ಇನ್ನೂ ಒಳ್ಳೇದು ಅಂತ ತೋರಿಸ್ತು. 1995ರಲ್ಲಿ ಮಿದುಳಿನ ಆಘಾತಕ್ಕೂ ಇಂಥ ಔಷಧಿ ಬಂತು, ಮೂರು ಗಂಟೆಯೊಳಗೆ ಕೊಡಬೇಕು ಅನ್ನೋ ಷರತ್ತಿನ ಜೊತೆ. ಆ ಗಡುವು ಮುಂದೆ ನಾಲ್ಕೂವರೆ ಗಂಟೆಗೆ ಹಿಗ್ಗಿತು.

ಈ ಇಂಜೆಕ್ಷನ್ ಕೊಡೋದು ಸಿನಿಮಾದ ಕ್ಲೈಮ್ಯಾಕ್ಸ್ ಥರ ಕಾಣುತ್ತೆ. ನನ್ನ ಕೆಲಸ ಶುರುವಾಗೋದು ಅದಾದ ಮೇಲೆ. ಮಿದುಳಿನ ಆಘಾತದ ರೋಗಿಗೆ ಮೊದಲ ಎರಡು ಗಂಟೆ ಪ್ರತಿ 15 ನಿಮಿಷಕ್ಕೆ, ಮುಂದಿನ ಆರು ಗಂಟೆ ಪ್ರತಿ ಅರ್ಧ ಗಂಟೆಗೆ, ಆಮೇಲೆ 24 ಗಂಟೆ ತುಂಬೋ ತನಕ ಗಂಟೆಗೊಮ್ಮೆ ನೋಡಬೇಕು. ಲೆಕ್ಕ ಹಾಕಿ, ಒಂದು ದಿನಕ್ಕೆ 36 ಸಲ. ಪ್ರತಿ ಸಲ ಬಿಪಿ, ಕಣ್ಣಿನ ಪಾಪೆ, ಕೈ ಎತ್ತಿ ನೋಡೋಣ, ನಿಮ್ಮ ಹೆಸರು ಹೇಳಿ. "ಆಗಲೇ ಹೇಳಿದ್ನಲ್ಲಮ್ಮ" ಅಂತ ರೇಗ್ತಾರೆ. ರೇಗಲಿ, ಅದು ಒಳ್ಳೆ ಲಕ್ಷಣ. ಇದ್ದಕ್ಕಿದ್ದಂತೆ ತಲೆನೋವು, ವಾಂತಿ, ಮಾತು ತೊದಲೋದು, ಬಿಪಿ ಏರೋದು ಕಂಡರೆ ಮಿದುಳಿನೊಳಗೆ ರಕ್ತ ಸೋರ್ತಿದೆಯಾ ಅಂತ ಅನುಮಾನಪಟ್ಟು ಡ್ರಿಪ್ ನಿಲ್ಲಿಸಿ ಡಾಕ್ಟರನ್ನ ಕರೀಬೇಕು. ಸ್ನಾಯುವಿಗೆ ಇಂಜೆಕ್ಷನ್ ಕೊಡಬಾರದು. ಸೂಜಿ ತೆಗೆದ ಜಾಗವನ್ನ ನಿಮಿಷಗಟ್ಟಲೆ ಒತ್ತಿ ಹಿಡೀಬೇಕು. ಇಷ್ಟರಲ್ಲಿ ಯಾವುದೂ ಸಿನಿಮಾದಲ್ಲಿ ಇರಲ್ಲ.

ಕರ್ನಾಟಕದಲ್ಲಿ ಈ ಇತಿಹಾಸ ಈಗ ತಾಲ್ಲೂಕಿಗೆ ಬಂದಿದೆ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಹೋದದ್ದು ನಮಗೆಲ್ಲ ನೆನಪಿದೆ. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ದೊಡ್ಡ ಕೇಂದ್ರದ ತಜ್ಞರಿಗೆ ಕಳಿಸ್ತಾರೆ, ಹೃದಯಾಘಾತ ಅಂತ ಖಚಿತವಾದರೆ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡ್ತಾರೆ. ಗಂಟೆಗಟ್ಟಲೆ ಡ್ರಿಪ್ ಬೇಡ, ತೂಕ ನೋಡಿ ಒಂದೇ ಸಲಕ್ಕೆ ಕೆಲವೇ ಸೆಕೆಂಡಿನಲ್ಲಿ ಕೊಡೋದು. ಯೋಜನೆಯ ಸುದ್ದಿಯಲ್ಲಿ ಕಾಣೋದು ಇಂಜೆಕ್ಷನ್ನಿನ ಬೆಲೆ. ನನಗೆ ಕಾಣೋದು ಆ ಆಸ್ಪತ್ರೆಯ ರಾತ್ರಿಪಾಳಿಯ ನರ್ಸ್. ಇಂಜೆಕ್ಷನ್ ಆದ ಮೇಲೆ ಒಸಡು, ಮೂತ್ರದ ಬಣ್ಣ, ಬಿಪಿ, ಎಚ್ಚರ ಇವನ್ನೆಲ್ಲ ನೋಡ್ತಾ, ಜಿಲ್ಲೆಯ ಕಡೆಗೆ ಆಂಬುಲೆನ್ಸ್ ಹತ್ತಿಸೋ ತನಕ ನಿಲ್ಲೋರು ಅವರು. ಅದೇ ವೇಳೆಗೆ ಪಕ್ಕದ ವಾರ್ಡಿನಲ್ಲೂ ಅವರನ್ನೇ ಕರೀತಿರ್ತಾರೆ. ಔಷಧಿ ಉಚಿತ ಮಾಡಿದ್ದು ದೊಡ್ಡ ಕೆಲಸ. ನೋಡೋ ಕಣ್ಣುಗಳನ್ನೂ ಅಷ್ಟೇ ಮುತುವರ್ಜಿಯಿಂದ ಲೆಕ್ಕ ಹಾಕಬೇಕು ಅಂತ ನನ್ನ ವಾದ.

ಕಣ್ಣು ದಣಿದರೆ ಏನಾಗುತ್ತೆ ಅನ್ನೋದಕ್ಕೂ ಇತಿಹಾಸ ಇದೆ. 2007ರಲ್ಲಿ ಹಾಲಿವುಡ್ ನಟ ಡೆನ್ನಿಸ್ ಕ್ವೇಡ್ ಅವರ ನವಜಾತ ಅವಳಿ ಮಕ್ಕಳಿಗೆ ಹೆಪರಿನ್ ಪ್ರಮಾಣ ಸಾವಿರ ಪಟ್ಟು ಹೆಚ್ಚಾಯಿತು. 10 ಯೂನಿಟ್‌ನ ಸೀಸೆ, 10,000 ಯೂನಿಟ್‌ನ ಸೀಸೆ, ಎರಡಕ್ಕೂ ನೀಲಿ ಲೇಬಲ್, ಒಂದು ತಿಳಿ, ಒಂದು ಗಾಢ. ಮಕ್ಕಳು ಬದುಕಿದರು. ಅದಕ್ಕೆ ಹಿಂದಿನ ವರ್ಷ ಇಂಡಿಯಾನಾಪೊಲಿಸ್‌ನಲ್ಲಿ ಇದೇ ಥರದ ಅದಲುಬದಲಿನಲ್ಲಿ ಮೂರು ಶಿಶುಗಳು ಸತ್ತಿದ್ದವು. ಆಮೇಲೆ ಲೇಬಲ್ ಬದಲಾಯ್ತು. ಇವತ್ತು ಹೆಪರಿನ್‌ನಂಥ ಅಪಾಯದ ಔಷಧಿಗಳನ್ನ ಇಬ್ಬರು ನರ್ಸುಗಳು ಪ್ರತ್ಯೇಕವಾಗಿ ಲೆಕ್ಕ ಹಾಕಿ ತಾಳೆ ನೋಡೋ ಪದ್ಧತಿ ಅನೇಕ ಕಡೆ ಇದೆ. ಹೊರಗಿನಿಂದ ನೋಡಿದರೆ ಇಬ್ಬರು ಸಿಸ್ಟರ್‌ಗಳು ಟ್ರೇ ಮುಂದೆ ನಿಂತು ಮಾತಾಡ್ತಿದಾರೆ ಅನ್ನಿಸುತ್ತೆ. ದಯವಿಟ್ಟು ಆ ಒಂದು ನಿಮಿಷ ಕರೀಬೇಡಿ.

ಈಗ ಮನೆಗೆ ಬರೋಣ. ನಮ್ಮ ದೇಶದಲ್ಲಿ ವಾರ್ಫರಿನ್ ಮತ್ತು ಅದರ ತಂಗಿ ಅಸಿನೊಕೌಮರಾಲ್ ಇನ್ನೂ ಬಹಳ ಬಳಕೆಯಲ್ಲಿರೋಕೆ ಒಂದು ಕಾರಣ ಇದೆ. ಚಿಕ್ಕಂದಿನ ಗಂಟಲು ಸೋಂಕಿನಿಂದ ಬರೋ ರುಮ್ಯಾಟಿಕ್ ಕಾಯಿಲೆಯಲ್ಲಿ ಹೃದಯದ ಕವಾಟ ಹಾಳಾಗುತ್ತೆ. ಎಂ.ಎಸ್. ವಲಿಯಾತಾನ್ ಅವರ ತಂಡ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ, ಮೊದಲ ಮಾದರಿಗಳು ಸೋತ ಮೇಲೂ ಬಿಡದೆ, ಭಾರತದ್ದೇ ಕೃತಕ ಕವಾಟ ರೂಪಿಸಿತು. ಅದನ್ನ ಮೊದಲು ರೋಗಿಗೆ ಅಳವಡಿಸಿದ್ದು 1990ರಲ್ಲಿ. ವಲಿಯಾತಾನ್ ಮುಂದೆ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ ಬಂದರು. ಇಂಥ ಯಾಂತ್ರಿಕ ಕವಾಟ ಹಾಕಿಸಿಕೊಂಡವರು ಜೀವನಪೂರ್ತಿ ಈ ಮಾತ್ರೆ ತಗೋಬೇಕು. 2010ರ ನಂತರ ಐಎನ್‌ಆರ್ ಪರೀಕ್ಷೆ ಬೇಡದ ಹೊಸ ಮಾತ್ರೆಗಳು ಬಂದಿವೆ, ತುಂಬಾ ಜನರಿಗೆ ಅನುಕೂಲ ಆಗಿದೆ. ಆದರೆ ಯಾಂತ್ರಿಕ ಕವಾಟದವರಿಗೆ ಅವು ಆಗಿಬರಲಿಲ್ಲ. ರುಮ್ಯಾಟಿಕ್ ಕಾಯಿಲೆಯ ಜೊತೆ ಹೃದಯದ ಬಡಿತ ಏರುಪೇರಾದ 4,500ಕ್ಕೂ ಹೆಚ್ಚು ಜನರ ಮೇಲೆ ನಡೆದ ಇನ್ವಿಕ್ಟಸ್ ಅಧ್ಯಯನದಲ್ಲಿ 2022ರಲ್ಲಿ ಗೆದ್ದದ್ದು ಹಳೇ ಮಾತ್ರೆಯೇ. ಪ್ರತಿ ತಿಂಗಳು ಪರೀಕ್ಷೆಗೆ ಬರೋದರಿಂದ ರೋಗಿಗೆ ಹೆಚ್ಚು ಆರೈಕೆ ಸಿಕ್ಕಿದ್ದೂ ಕಾರಣ ಇರಬಹುದಾ ಅನ್ನೋ ಚರ್ಚೆ ನಡೀತು. ಅದು ಸಾಬೀತಾದ ಮಾತಲ್ಲ. ಆದರೆ ಓದಿದಾಗ ವಾರ್ಡಿನಲ್ಲಿ ಕೆಲಸ ಮಾಡೋರಿಗೆ ಆಶ್ಚರ್ಯವೇನೂ ಆಗಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ ಈ ಕೆಲಸ ನಿಮ್ಮದು. ಅಪ್ಪಂಗೆ ಫೋನ್ ಮಾಡಿದಾಗ "ಮಾತ್ರೆ ತಗೊಂಡ್ರಾ" ಅಂತ ಮಾತ್ರ ಕೇಳಿ ಮುಗಿಸಬೇಡಿ. ಹಲ್ಲುಜ್ಜುವಾಗ ರಕ್ತ ಬರ್ತಿದೆಯಾ, ಮೈ ಮೇಲೆ ಕಾರಣವಿಲ್ಲದೆ ನೀಲಿ ಕಲೆ ಬಿದ್ದಿದೆಯಾ, ಮಲ ಡಾಂಬರಿನ ಹಾಗೆ ಕಪ್ಪಾಗಿದೆಯಾ, ಬಿದ್ದು ತಲೆಗೆ ಪೆಟ್ಟಾಯ್ತಾ ಅಂತ ಕೇಳಿ. ಪೆಟ್ಟಾಗಿದ್ದರೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಬೇಕು. ಮಂಡಿನೋವಿಗೆ ಮೆಡಿಕಲ್ ಅಂಗಡಿಯವನು ಕೊಟ್ಟ ನೋವಿನ ಮಾತ್ರೆ ಈ ಮಾತ್ರೆಯ ಜೊತೆ ಸೇರಿದರೆ ಹೊಟ್ಟೆಯೊಳಗೆ ರಕ್ತ ಸೋರಬಹುದು. ಊರಿನ ಕ್ಲಿನಿಕ್ಕಿನಲ್ಲಿ ಜ್ವರಕ್ಕೆ "ಒಂದು ಸೂಜಿ ಚುಚ್ಚಿಸಿಬಿಡೋಣ" ಅನ್ನೋ ಅಭ್ಯಾಸ ಇವರಿಗೆ ಬೇಡ, ಸ್ನಾಯುವಿನೊಳಗೆ ರಕ್ತ ಗೆಡ್ಡೆ ಕಟ್ಟುತ್ತೆ. ಹಲ್ಲು ಕೀಳಿಸೋ ಮುಂಚೆ ಹೇಳಬೇಕು. ಮಾತ್ರೆಯನ್ನ ತಾವೇ ನಿಲ್ಲಿಸಲೂಬಾರದು.

ಸೊಪ್ಪಿನ ವಿಚಾರ ಒಂದಿದೆ. ಮೆಂತ್ಯ, ಪಾಲಕ್, ನುಗ್ಗೆ ಸೊಪ್ಪುಗಳಲ್ಲಿ ವಿಟಮಿನ್ ಕೆ ಇರುತ್ತೆ, ಅದು ವಾರ್ಫರಿನ್‌ಗೆ ಎದುರಾಳಿ. ಇದನ್ನ ಯಾರೋ ಹೇಳಿದ್ದಕ್ಕೆ ಒಬ್ಬ ಅಜ್ಜಿ ಬಸ್ಸಾರು, ಪಲ್ಯ ಎಲ್ಲ ಪೂರ್ತಿ ಬಿಟ್ಟುಬಿಟ್ಟಿದ್ದರು. ಐಎನ್‌ಆರ್ 5 ದಾಟಿ, ಮೂಗಿನಲ್ಲಿ ರಕ್ತ ಬಂದು ನಮ್ಮ ವಾರ್ಡಿಗೆ ಬಂದರು. ಸೊಪ್ಪು ತಿನ್ನಬಹುದು ಅಂದಾಗ ಅವರಿಗಾದ ಖುಷಿ ನೋಡಬೇಕಿತ್ತು. ನಿಯಮ ಇಷ್ಟೇ: ವಾರಕ್ಕೆ ಎಷ್ಟು ತಿಂತಿದ್ದರೋ ಹೆಚ್ಚುಕಮ್ಮಿ ಅಷ್ಟೇ ತಿನ್ನಲಿ. ಒಂದು ವಾರ ಉಪವಾಸ, ಇನ್ನೊಂದು ವಾರ ದಿನಾ ಸೊಪ್ಪಿನ ಸಾರು ಅಂತಾಗಬಾರದು.

ಇನ್ನು ಆ ಪಿಡಿಎಫ್. ಮುಂದಿನ ಸಲ ಬಂದಾಗ ಫಾರ್ವರ್ಡ್ ಮಾಡೋ ಮುಂಚೆ ಒಮ್ಮೆ ತೆರೆದು ನೋಡಿ. ಐಎನ್‌ಆರ್ ಎದುರಿಗಿನ ಸಂಖ್ಯೆಯನ್ನ ಒಂದು ಪುಸ್ತಕದಲ್ಲಿ ತಾರೀಖಿನ ಜೊತೆ ಬರೆದಿಡಿ, ಆ ವಾರ ಮಾತ್ರೆಯ ಪ್ರಮಾಣ ಎಷ್ಟಿತ್ತು ಅನ್ನೋದನ್ನೂ ಸೇರಿಸಿ. ಊರಿನಲ್ಲಿ ಅಮ್ಮನ ಹತ್ತಿರ ಅಂಥದ್ದೇ ಇನ್ನೊಂದು ಪುಸ್ತಕ ಇರಲಿ. ಡಾಕ್ಟರ್ ಬದಲಾದರೆ, ಊರು ಬದಲಾದರೆ, ಅರ್ಧರಾತ್ರಿ ಗೊತ್ತಿಲ್ಲದ ಆಸ್ಪತ್ರೆಗೆ ಓಡಬೇಕಾಗಿ ಬಂದರೆ, ಅಲ್ಲಿನ ನರ್ಸ್ ನಿಮ್ಮನ್ನ ಮೊದಲು ಕೇಳೋದು ಆ ಎರಡು ಸಾಲುಗಳನ್ನೇ.